ನಿನ್ನೆಗೆ ಕರೆದೊಯ್ಯುವ ಕಮಾಂಡು

ಡೇಟಾಬೇಸ್ ನೋಡಿಕೊಳ್ಳುವವರ ನಡುವೆ ಒಂದು ತಮಾಷೆ ಬಹಳ ಕಾಲದಿಂದ ನಡೆದುಬಂದಿದೆ. ಯಾರೋ ಡಿಲೀಟ್ ಹೊಡೆಯುವಾಗ ‘ವೇರ್’ ಸೇರಿಸುವುದನ್ನು ಮರೆತಿರುತ್ತಾರೆ. ಟೇಬಲ್ಲಿನ ಅಷ್ಟೂ ಸಾಲು ಹೋಗಿರುತ್ತದೆ, ಕಮಿಟ್ಟೂ ಆಗಿರುತ್ತದೆ. ಆಗ ಪಕ್ಕದ ಸೀಟಿನವರು ಹೇಳುತ್ತಾರೆ: “ಟೈಮ್ ಟ್ರಾವೆಲ್ ಕಮಾಂಡ್ ಹೊಡಿ ಮಗಾ. ನಿನ್ನೆ ಸಂಜೆ ಆರು ಗಂಟೆಗೆ ಹೋಗಿ ಡೇಟಾ ಎತ್ಕೊಂಡು ಬಾ.” ಇನ್ನೊಬ್ಬರು ಸೇರಿಸುತ್ತಾರೆ: “ಹಾಗೇ ಮುಂದಿನ ವರ್ಷಕ್ಕೂ ಹೋಗಿ ನನ್ನ ಅಪ್ರೈಸಲ್ ಏನಾಯ್ತು ನೋಡ್ಕೊಂಡು ಬಾ.”

ಅಮೆರಿಕದ ಹಗಲಿಗೆ ಹೊಂದಿಸಿದ ಬೆಂಗಳೂರಿನ ನೈಟ್ ಶಿಫ್ಟುಗಳಲ್ಲಿ ಡಿಬಿಎ ಆಗಿ ದುಡಿದು ನಿವೃತ್ತಳಾದವಳು ನಾನು. ಕೈ ನಡುಗುತ್ತಿರುವ ಹುಡುಗನಿಗೆ ಉಸಿರೆಳೆದುಕೊಳ್ಳಲು ಒಂದು ನಿಮಿಷ ಕೊಡುವ ಮಾತದು. ಆ ಹೊತ್ತಿನ ದಿಗಿಲು ತಣ್ಣಗಾದ ಮೇಲೆ ಹೊಸಬರನ್ನು ಕೂರಿಸಿಕೊಂಡು ನಾನು ಒಂದು ಕಥೆ ಹೇಳುತ್ತಿದ್ದೆ. ಆ ಕಮಾಂಡು ನಿಜಕ್ಕೂ ಇತ್ತು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಹುಟ್ಟಿ ಸುಮಾರು ಹತ್ತು ವರ್ಷ ಬಾಳಿತು. 1997ರಲ್ಲಿ ಅದನ್ನು ತೆಗೆದುಹಾಕಿದರು.

ಅದಕ್ಕೂ ಹಿಂದಿನ ಕಾಲದಲ್ಲಿ ಇಂಥದ್ದೊಂದು ಕಮಾಂಡು ಬೇಕೆಂದು ಯಾರಿಗೂ ಅನ್ನಿಸುವಂತಿರಲಿಲ್ಲ. ದೊಡ್ಡ ಸಂಸ್ಥೆಗಳ ಲೆಕ್ಕವೆಲ್ಲ ಮ್ಯಾಗ್ನೆಟಿಕ್ ಟೇಪಿನ ಮೇಲೆ ಇರುತ್ತಿದ್ದ ದಿನಗಳವು. ಟೇಪಿನ ನಡುವಿನ ಒಂದು ದಾಖಲೆಯನ್ನು ಅಲ್ಲಲ್ಲೇ ತಿದ್ದುವುದು ಆಗದ ಮಾತು. ಹಳೆಯ ಮಾಸ್ಟರ್ ಟೇಪನ್ನು ಒಂದು ಡ್ರೈವಿಗೆ, ಆ ದಿನದ ವ್ಯವಹಾರಗಳ ಟೇಪನ್ನು ಇನ್ನೊಂದಕ್ಕೆ ಏರಿಸಿ, ಎರಡನ್ನೂ ಓದಿಸಿ ಮೂರನೆಯದರಲ್ಲಿ ಹೊಸ ಮಾಸ್ಟರ್ ಬರೆಯುತ್ತಿದ್ದರು. ಹಳೆಯದು ಕಪಾಟು ಸೇರುತ್ತಿತ್ತು. ಮೂರು ತಲೆಮಾರಿನ ಟೇಪು ಇಟ್ಟುಕೊಳ್ಳುವುದು ರೂಢಿ. ಅವಕ್ಕೆ ಅಜ್ಜ, ಅಪ್ಪ, ಮಗ ಎಂದೇ ಹೆಸರು. ಮಗನ ಲೆಕ್ಕ ಕೆಟ್ಟರೆ ಅಪ್ಪನನ್ನು ಇಳಿಸಿ ದಿನದ ವ್ಯವಹಾರವನ್ನು ಮತ್ತೆ ಓಡಿಸಿದರೆ ಸಾಕಿತ್ತು.

ಡಿಸ್ಕ್ ಬಂದು ಈ ಶಿಸ್ತನ್ನು ಕೆಡಿಸಿತು. ಬೇಕಾದ ದಾಖಲೆಗೆ ನೇರವಾಗಿ ಹೋಗಿ, ಹಳೆಯ ಅಂಕಿಯ ಮೇಲೆಯೇ ಹೊಸದನ್ನು ಬರೆದುಬಿಡಬಹುದಾಯಿತು. ಡಿಸ್ಕಿನ ಜಾಗ ವಿಪರೀತ ದುಬಾರಿ, ಹಾಗಾಗಿ ಎಲ್ಲರೂ ಅದನ್ನೇ ಹಿಡಿದರು. ಟ್ಯಾಂಡಮ್ ಕಂಪನಿಯಲ್ಲಿದ್ದ ಜಿಮ್ ಗ್ರೇ ಇದನ್ನು 1981ರಲ್ಲೇ ಪ್ರಶ್ನಿಸಿದರು. ಟ್ರಾನ್ಸಾಕ್ಷನ್ ಎಂಬ ಪರಿಕಲ್ಪನೆಯ ಬಗ್ಗೆ ಅವರು ಬರೆದ ಆ ಪ್ರಬಂಧವನ್ನು ಈ ವೃತ್ತಿಗೆ ಬರುವ ಪ್ರತಿಯೊಬ್ಬರೂ ಓದಬೇಕು. ಇದ್ದಲ್ಲೇ ಅಳಿಸಿ ಬರೆಯುವ ಪದ್ಧತಿಯನ್ನು ಅವರು ವಿಷ ತುಂಬಿದ ಸೇಬಿಗೆ ಹೋಲಿಸಿದರು. ಲೆಕ್ಕ ಬರೆಯುವವರು ಪುಸ್ತಕವನ್ನು ಎಂದೂ ತಿದ್ದುವುದಿಲ್ಲ, ತಪ್ಪಾದರೆ ಅದನ್ನು ಗುರುತು ಮಾಡಿ ಸರಿಪಡಿಸುವ ಹೊಸ ನಮೂದು ಹಾಕುತ್ತಾರೆ ಎಂದು ನೆನಪಿಸಿದರು.

ಅದನ್ನು ಓದಿದಾಗ ನನಗೆ ಹೊಸದೇನೂ ಅನ್ನಿಸಲಿಲ್ಲ. ನಮ್ಮಪ್ಪ ಶಿರಸಿಯಲ್ಲಿ ಅಡಿಕೆ ಮಂಡಿಯೊಂದರ ಗುಮಾಸ್ತರು, ಕಿರ್ದಿ ಬರೆಯುವುದು ಅವರ ಕೆಲಸ. ಕಿರ್ದಿಯಲ್ಲಿ ಒಂದು ಅಂಕಿ ಕೆರೆದು ತಿದ್ದಿದ ಗುಮಾಸ್ತನಿಗೆ ಮರುದಿನ ಮಂಡಿಯಲ್ಲಿ ಜಾಗವಿರುತ್ತಿರಲಿಲ್ಲ. ತಪ್ಪಿದ್ದರೆ ಅದು ಕಾಣುವಂತೆಯೇ ಉಳಿಯಬೇಕು, ಎದುರು ನಮೂದು ಕೆಳಗೆ ಬರಬೇಕು. ಡೇಟಾಬೇಸಿನ ಲಾಗ್ ಎಂದರೆ ಕಿರ್ದಿ, ಟೇಬಲ್ ಎಂದರೆ ಅದರಿಂದ ಎತ್ತಿ ಬರೆದ ಖಾತೆ. ಹೊಸಬರಿಗೆ ನಾನು ಇದಕ್ಕಿಂತ ಬೇರೆ ರೀತಿ ವಿವರಿಸಿದ್ದಿಲ್ಲ.

ಇನ್ನು ಬರ್ಕ್ಲಿ. ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಮೈಕೆಲ್ ಸ್ಟೋನ್‌ಬ್ರೇಕರ್ 1970ರ ದಶಕದಲ್ಲಿ ಇಂಗ್ರೆಸ್ ಎಂಬ ಡೇಟಾಬೇಸ್ ಕಟ್ಟಿದ್ದರು. ಅದಾದ ಮೇಲೆ ಬಂದದ್ದು ಪೋಸ್ಟ್‌ಗ್ರೆಸ್. 1986ರಲ್ಲಿ ಲಾರೆನ್ಸ್ ರೋ ಜೊತೆ ಸೇರಿ ವಿನ್ಯಾಸ ಪ್ರಕಟಿಸಿದರು. ಮರುವರ್ಷ, ಡೇಟಾವನ್ನು ಡಿಸ್ಕಿನಲ್ಲಿ ಇಡುವ ಬಗೆಯ ಕುರಿತು ಇನ್ನೊಂದು ಪ್ರಬಂಧ ಬಂತು. ಕ್ರ್ಯಾಶ್ ಆದಮೇಲೆ ಲಾಗ್ ಓದಿ ಚೇತರಿಸಿಕೊಳ್ಳುವ ಕೋಡು ಬರೆಯುವುದೂ ಕಷ್ಟ, ಪರೀಕ್ಷಿಸುವುದೂ ಕಷ್ಟ ಎಂಬುದು ಸ್ಟೋನ್‌ಬ್ರೇಕರ್ ಅಭಿಪ್ರಾಯ. ಅದಕ್ಕೇ ಅವರು ಏನನ್ನೂ ಅಳಿಸದ ದಾರಿ ಹಿಡಿದರು. ಸಾಲೊಂದನ್ನು ಬದಲಿಸಿದರೆ ಹಳೆಯದು ಇದ್ದಲ್ಲೇ ಇರುತ್ತದೆ, ಹೊಸದು ಪಕ್ಕದಲ್ಲಿ ಸೇರುತ್ತದೆ. ಯಾವ ಟ್ರಾನ್ಸಾಕ್ಷನ್ ಸಾಲನ್ನು ಹುಟ್ಟಿಸಿತು, ಯಾವುದು ಮುಗಿಸಿತು ಎಂಬುದಕ್ಕೆ ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಎಂಬ ಗುರುತು. ಅದು ಯಾವ ಗಳಿಗೆಯಲ್ಲಿ ಆಯಿತು ಎಂಬುದಕ್ಕೆ ಟಿಮಿನ್, ಟಿಮ್ಯಾಕ್ಸ್. ಮಧ್ಯದಲ್ಲಿ ಕರೆಂಟು ಹೋದರೆ ಮುಗಿಯದ ಟ್ರಾನ್ಸಾಕ್ಷನ್ನಿನ ಸಾಲುಗಳನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿದ್ದರೆ ಆಯಿತು, ವಾಪಸು ತಿದ್ದುವ ಕೆಲಸವೇ ಇಲ್ಲ.

ಏನೂ ಅಳಿಯದು ಎಂದಾದ ಮೇಲೆ ಹಿಂದಿನದನ್ನು ಕೇಳುವುದೂ ಸಾಧ್ಯವಾಯಿತು. ಕ್ವೆರಿಯಲ್ಲಿ ಟೇಬಲ್ಲಿನ ಹೆಸರಿನ ಮುಂದೆ ಚೌಕ ಕಂಸ ಹಾಕಿ ದಿನಾಂಕ ಬರೆದರೆ ಆ ದಿನ ಟೇಬಲ್ ಹೇಗಿತ್ತೋ ಹಾಗೆ ಕಾಣುತ್ತಿತ್ತು. ಎರಡು ದಿನಾಂಕ ಕೊಟ್ಟರೆ ಆ ಅವಧಿಯ ಎಲ್ಲ ಅವತಾರಗಳೂ ಬರುತ್ತಿದ್ದವು. ಕಲಿಯುವವರ ಕೈಪಿಡಿಯಲ್ಲಿ ಊರುಗಳ ಟೇಬಲ್ ಒಂದಿತ್ತು, ಅದರಲ್ಲಿ ಮ್ಯಾರಿಪೋಸಾ ಎಂಬ ಊರಿನ ಜನಸಂಖ್ಯೆ ಕಾಲಕಾಲಕ್ಕೆ ಎಷ್ಟಿತ್ತು ಎಂದು ಕೇಳುವುದೇ ಅದರ ಉದಾಹರಣೆ. ಈ ಸೌಲಭ್ಯವನ್ನು ಟೈಮ್ ಟ್ರಾವೆಲ್ ಎಂದೇ ಕರೆಯುತ್ತಿದ್ದರು. ಹಳೆಯ ಸಾಲುಗಳು ಸೇರುತ್ತ ಡಿಸ್ಕ್ ತುಂಬಬಾರದೆಂದು ಹಿನ್ನೆಲೆಯಲ್ಲಿ ಒಂದು ಪ್ರೋಗ್ರಾಮ್ ಓಡುತ್ತ, ಸತ್ತ ಸಾಲುಗಳನ್ನು ಒಮ್ಮೆ ಮಾತ್ರ ಬರೆಯಬಹುದಾದ ಆಪ್ಟಿಕಲ್ ಡಿಸ್ಕುಗಳಿಗೆ ಸಾಗಿಸಬೇಕೆಂಬುದು ಯೋಜನೆ. ಅದಕ್ಕೆ ವ್ಯಾಕ್ಯೂಮ್ ಕ್ಲೀನರ್ ಎಂಬ ಹೆಸರು. ಅಂದರೆ ಕಸ ಎಸೆಯುವುದು ಅದರ ಮೂಲ ಕೆಲಸವಾಗಿರಲಿಲ್ಲ. ಹಳೆಯದನ್ನು ಜೋಪಾನವಾಗಿ ಉಗ್ರಾಣಕ್ಕೆ ಸೇರಿಸುವುದಾಗಿತ್ತು. ಇವತ್ತು ಪೋಸ್ಟ್‌ಗ್ರೆಸ್ ನಡೆಸುವವರು ದಿನಾ ವ್ಯಾಕ್ಯೂಮ್ ಜೊತೆ ಗುದ್ದಾಡುತ್ತಾರೆ. ಅದರ ಹಿಂದೆ ಇಷ್ಟು ದೊಡ್ಡ ಆಸೆ ಇತ್ತೆಂದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಬರ್ಕ್ಲಿಯ ಯೋಜನೆ 4.2ನೇ ಆವೃತ್ತಿಯೊಂದಿಗೆ ಮುಗಿಯಿತು. 1994ರಲ್ಲಿ ಆಂಡ್ರ್ಯೂ ಯು, ಜಾಲಿ ಚೆನ್ ಎಂಬ ವಿದ್ಯಾರ್ಥಿಗಳು ಅದಕ್ಕೆ ಎಸ್‌ಕ್ಯುಎಲ್ ಭಾಷೆ ಕಲಿಸಿದರು. 1996ರಲ್ಲಿ ಪೋಸ್ಟ್‌ಗ್ರೆಎಸ್‌ಕ್ಯುಎಲ್ ಎಂಬ ಹೆಸರಿನಲ್ಲಿ ಅದು ಸ್ವಯಂಸೇವಕರ ಕೈಗೆ ಬಂತು. ಅವರಿಗೆ ಬೇಕಾಗಿದ್ದದ್ದು ಜನ ಬಳಸಬಹುದಾದ, ವೇಗವಾಗಿ ಓಡುವ ಡೇಟಾಬೇಸು. ಪ್ರತಿ ಟ್ರಾನ್ಸಾಕ್ಷನ್ ಮುಗಿದ ಗಳಿಗೆಯನ್ನು ಬರೆದಿಡುವ ಪಿಜಿ-ಟೈಮ್ ಎಂಬ ಫೈಲು ಮಿತಿಯಿಲ್ಲದೆ ಬೆಳೆಯುತ್ತಿತ್ತು, ಡಿಸ್ಕ್ ನುಂಗುತ್ತಿತ್ತು, ಕೆಲಸ ನಿಧಾನವಾಗುತ್ತಿತ್ತು. 1997ರ 6.2ನೇ ಆವೃತ್ತಿಯಲ್ಲಿ ಟೈಮ್ ಟ್ರಾವೆಲ್ ನಿಂತಿತು. ಬೇಕಾದವರು ಟ್ರಿಗರ್ ಬರೆದುಕೊಂಡು ಇದೇ ಪರಿಣಾಮ ಪಡೆಯಬಹುದು ಎಂದು ಕೈಪಿಡಿ ಹೇಳಿತು. ಆಗಿನ ಡಿಸ್ಕ್ ಬೆಲೆ ನೋಡಿದರೆ ಅವರನ್ನು ದೂರಲಾರೆ. ಆದರೂ ಅದು ನಷ್ಟವೇ.

ಟಿಮಿನ್, ಟಿಮ್ಯಾಕ್ಸ್ ಹೋದವು. ಎಕ್ಸ್‌ಮಿನ್, ಎಕ್ಸ್‌ಮ್ಯಾಕ್ಸ್ ಉಳಿದವು. 1999ರ 6.5ನೇ ಆವೃತ್ತಿಯಲ್ಲಿ ವದೀಮ್ ಮಿಖೇಯೆವ್ ಅದೇ ಅಳಿಸದ ಸಾಲುಗಳನ್ನು ಆಧಾರ ಮಾಡಿಕೊಂಡು, ಓದುವವರೂ ಬರೆಯುವವರೂ ಒಬ್ಬರಿಗಾಗಿ ಒಬ್ಬರು ಕಾಯಬೇಕಿಲ್ಲದ ವ್ಯವಸ್ಥೆ ಕಟ್ಟಿದರು. ಇವತ್ತಿಗೂ ಯಾವ ಪೋಸ್ಟ್‌ಗ್ರೆಸ್ ಟೇಬಲ್ಲಿನ ಮೇಲಾದರೂ ಸೆಲೆಕ್ಟ್ ಬರೆದು ಎಕ್ಸ್‌ಮಿನ್ ಕೇಳಿ, ಉತ್ತರ ಬರುತ್ತದೆ. ಹೊಸಬರಿಗೆ ನಾನು ಮೊದಲ ವಾರವೇ ಇದನ್ನು ಮಾಡಿಸುತ್ತಿದ್ದೆ. “ಮೇಡಂ, ಈ ಕಾಲಂ ನಾವು ಮಾಡಿದ್ದಲ್ವಲ್ಲ?” ಎಂದು ಕೇಳುವ ಮುಖ ನೋಡುವುದು ನನಗೆ ಬಹಳ ಇಷ್ಟ.

ಕಮಾಂಡು ಮರಳಿ ಬಂದದ್ದು ಬೇರೆ ಮನೆಯಲ್ಲಿ. ಒರಾಕಲ್ 2001ರ 9ಐ ಆವೃತ್ತಿಯಲ್ಲಿ ಫ್ಲ್ಯಾಶ್‌ಬ್ಯಾಕ್ ತಂದಿತು. ಬದಲಾವಣೆಯನ್ನು ವಾಪಸು ತೆಗೆದುಕೊಳ್ಳಲೆಂದು ಹೇಗೂ ಬರೆದಿಡುವ ಅನ್‌ಡೂ ಮಾಹಿತಿಯನ್ನೇ ಓದಿ, ಹಿಂದಿನ ಚಿತ್ರ ಕಟ್ಟಿಕೊಡುವ ಉಪಾಯ ಅದು. 10ಜಿಯಲ್ಲಿ ರೀಸೈಕಲ್ ಬಿನ್ ಬಂತು, ಡ್ರಾಪ್ ಮಾಡಿದ ಟೇಬಲ್ಲನ್ನೂ ಎತ್ತಿಕೊಳ್ಳುವುದು ಸಾಧ್ಯವಾಯಿತು. ಆದರೆ ಅನ್‌ಡೂ ಉಳಿಸುವ ಅವಧಿಗೆ ಅಲ್ಲಿ ಮೊದಲೇ ಹಾಕಿದ್ದ ಮೌಲ್ಯ 900 ಸೆಕೆಂಡು, ಅಂದರೆ ಕಾಲು ಗಂಟೆ. ಹೆಸರು ಹೇಳಲಾರದ ಒಬ್ಬ ಗ್ರಾಹಕರಲ್ಲಿ ಒಂದು ರಾತ್ರಿ ದರಪಟ್ಟಿಯ ಟೇಬಲ್ಲು ಪೂರ್ತಿ ಅಳಿಸಿಹೋಯಿತು. ಅವರ ಕಡೆಯ ಹುಡುಗಿ ಫೋನಿನಲ್ಲಿ ಅಳುತ್ತಿದ್ದಳು. ನಮ್ಮ ತಂಡದ ಹಿರಿಯರೊಬ್ಬರು ಆ ಅವಧಿಯನ್ನು ಎಂದೋ ಹಲವು ಗಂಟೆಗಳಿಗೆ ಏರಿಸಿಟ್ಟಿದ್ದರು. ‘ಆ್ಯಸ್ ಆಫ್’ ಎಂದು ಬರೆದು, ಒಂದು ಗಂಟೆ ಹಿಂದಿನ ಹೊತ್ತು ಕೊಟ್ಟೆವು. ದರಗಳೆಲ್ಲ ಸಾಲಾಗಿ ಬಂದು ನಿಂತವು. ನನ್ನ ವೃತ್ತಿಯಲ್ಲಿ ಅಷ್ಟು ಸಂತೋಷ ಕೊಟ್ಟ ಕ್ವೆರಿ ಇನ್ನೊಂದಿಲ್ಲ. ಮುಂದಿನ ವರ್ಷದ ಅಪ್ರೈಸಲ್ ಮಾತ್ರ ಇಲ್ಲೂ ಸಿಗದು. ನಾಳೆಯ ಹೊತ್ತು ಕೊಟ್ಟರೆ ಡೇಟಾಬೇಸ್ ಎರರ್ ಕೊಡುತ್ತದೆ.

ಇಷ್ಟರ ನಡುವೆ ರಿಚರ್ಡ್ ಸ್ನಾಡ್‌ಗ್ರಾಸ್ ಎಂಬ ಅಮೆರಿಕದ ಪ್ರಾಧ್ಯಾಪಕರು ಕಾಲವನ್ನು ಡೇಟಾಬೇಸಿನ ಭಾಷೆಗೇ ಸೇರಿಸಲು 1980ರ ದಶಕದಿಂದ ಹೆಣಗಿದ್ದರು. ಕಾಲ ಒಂದಲ್ಲ, ಎರಡು ಎಂಬುದು ಅವರು ಸ್ಪಷ್ಟ ಮಾಡಿಕೊಟ್ಟ ವಿಷಯ. ಒಬ್ಬರಿಗೆ ಏಪ್ರಿಲಿನಿಂದ ಬಡ್ತಿ, ಆದೇಶ ಕಂಪ್ಯೂಟರಿಗೆ ಏರಿದ್ದು ಜುಲೈನಲ್ಲಿ ಎನ್ನೋಣ. ಮೇ ತಿಂಗಳ ಸಂಬಳ ಎಷ್ಟಿರಬೇಕಿತ್ತು ಎಂಬುದು ಒಂದು ಪ್ರಶ್ನೆ, ಮೇ ತಿಂಗಳಲ್ಲಿ ಕಂಪ್ಯೂಟರಿಗೆ ಗೊತ್ತಿದ್ದದ್ದು ಎಷ್ಟು ಎಂಬುದು ಇನ್ನೊಂದು. ಅರಿಯರ್ಸ್ ಲೆಕ್ಕ ಹಾಕಿದವರಿಗೆ ಎರಡೂ ಬೇಕು. ಬಹಳ ಜಗ್ಗಾಟದ ನಂತರ ಎಸ್‌ಕ್ಯುಎಲ್ ಮಾನದಂಡಕ್ಕೆ ಇದು ಸೇರಿದ್ದು 2011ರಲ್ಲಿ. ಡಿಬಿ2, ಎಸ್‌ಕ್ಯುಎಲ್ ಸರ್ವರ್ 2016, ಮಾರಿಯಾಡಿಬಿ 10.3 ಇದನ್ನು ಪೂರ್ತಿಯಾಗಿಯೋ ಭಾಗಶಃವೋ ಅಳವಡಿಸಿಕೊಂಡವು. ಸ್ನೋಫ್ಲೇಕ್ ಅಂತೂ ಟೈಮ್ ಟ್ರಾವೆಲ್ ಎಂಬ ಹೆಸರಿನಲ್ಲೇ ಮಾರುತ್ತದೆ: ಹೆಚ್ಚಿನ ದರದ ಆವೃತ್ತಿಯಲ್ಲಿ 90 ದಿನದವರೆಗೆ ಹಿಂದೆ ಹೋಗಬಹುದು, ಅನ್‌ಡ್ರಾಪ್ ಎಂಬ ಕಮಾಂಡೂ ಇದೆ. ಉಳಿಸಿದ ಹಳೆಯ ಡೇಟಾಕ್ಕೆ ಬಾಡಿಗೆ ಗ್ರಾಹಕನದೇ.

ಇಷ್ಟೆಲ್ಲ ಇದ್ದರೂ ಕೆಲವು ಅಳಿವುಗಳ ಮುಂದೆ ಯಾವ ಕ್ವೆರಿಯೂ ನಡೆಯದು. 2017ರ ಜನವರಿ 31ರಂದು ಗಿಟ್‌ಲ್ಯಾಬಿನ ಎಂಜಿನಿಯರೊಬ್ಬರು, ಎರಡನೇ ಸರ್ವರ್ ಎಂದುಕೊಂಡು ಮುಖ್ಯ ಪೋಸ್ಟ್‌ಗ್ರೆಸ್ ಸರ್ವರಿನ ಡೈರೆಕ್ಟರಿಯನ್ನೇ ಅಳಿಸಿದರು. ತಿಳಿದು ನಿಲ್ಲಿಸುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5. ಇದ್ದ ಬ್ಯಾಕಪ್ ವ್ಯವಸ್ಥೆಗಳು ಒಂದೊಂದಾಗಿ ಕೈಕೊಟ್ಟವು. ಬೇರೆ ಕೆಲಸಕ್ಕೆಂದು ಆರು ಗಂಟೆ ಮೊದಲು ತೆಗೆದಿಟ್ಟ ಒಂದು ಸ್ನ್ಯಾಪ್‌ಶಾಟ್ ಕಾಪಾಡಿತು. ಆ ಸಂಸ್ಥೆ ರಿಪೇರಿಯನ್ನು ಯೂಟ್ಯೂಬಿನಲ್ಲಿ ನೇರಪ್ರಸಾರ ಮಾಡಿತು, ಏನಾಯಿತೆಂದು ಪೂರ್ತಿ ಬರೆದು ಪ್ರಕಟಿಸಿತು, ಎಂಜಿನಿಯರನ್ನು ಹೊರಗೆಸೆಯಲಿಲ್ಲ. ಕಿರ್ದಿ ಬರೆಯುವವರ ಮರ್ಯಾದೆ ಅದು, ನನಗೆ ಆ ಬಗ್ಗೆ ಗೌರವವಿದೆ.

ಎಲ್ಲವನ್ನೂ ಎಂದೆಂದಿಗೂ ಉಳಿಸಬೇಕೆಂದು ನಾನು ವಾದಿಸುತ್ತಿಲ್ಲ. ತನ್ನ ವೈಯಕ್ತಿಕ ಮಾಹಿತಿಯನ್ನು ಅಳಿಸಿ ಎಂದು ಕೇಳುವ ಹಕ್ಕನ್ನು ನಮ್ಮ ದೇಶದ 2023ರ ವೈಯಕ್ತಿಕ ಡೇಟಾ ರಕ್ಷಣಾ ಕಾಯ್ದೆಯೂ ಕೊಟ್ಟಿದೆ, ಅದು ನ್ಯಾಯವಾದದ್ದು. ಅಂಥ ಅಳಿಸುವಿಕೆ ಯೋಚಿಸಿ ಮಾಡುವಂಥದ್ದು. ಡಿಸ್ಕ್ ಉಳಿಸಲೆಂದು ಶುರುವಾದ ಅಭ್ಯಾಸ, ಡಿಸ್ಕ್ ಅಗ್ಗವಾದ ಮೇಲೂ ಮುಂದುವರಿಯುವುದಕ್ಕೆ ಅಂಥ ಸಮರ್ಥನೆಯಿಲ್ಲ.

ಪೋಸ್ಟ್‌ಗ್ರೆಸ್ಸಿನ ಜೊತೆ ಬರುತ್ತಿದ್ದ ಟೈಮ್‌ಟ್ರಾವೆಲ್ ಎಂಬ ಟ್ರಿಗರ್ ಮಾಡ್ಯೂಲ್ 2019ರ 12ನೇ ಆವೃತ್ತಿಯಲ್ಲಿ ಹೋಯಿತು. ಅದು ನೆಚ್ಚಿಕೊಂಡಿದ್ದ ಹಳೆಯ ಕಾಲಸೂಚಕ ಟೈಪನ್ನೇ ತೆಗೆದರು. 2025ರ ಸೆಪ್ಟೆಂಬರಿನಲ್ಲಿ ಬಂದ 18ನೇ ಆವೃತ್ತಿಯಲ್ಲಿ ಸ್ನಾಡ್‌ಗ್ರಾಸ್ ಹೇಳಿದ ಎರಡು ಕಾಲಗಳಲ್ಲಿ ಮೊದಲನೆಯದಕ್ಕೆ, ಅಂದರೆ ಬಡ್ತಿಯ ಏಪ್ರಿಲಿಗೆ, ಒಂದಷ್ಟು ಬೆಂಬಲ ಬಂದಿದೆ. ಎರಡನೆಯದು, 1987ರಲ್ಲಿ ಬರ್ಕ್ಲಿಯವರು ಚೌಕ ಕಂಸದೊಳಗೆ ಕೊಟ್ಟಿದ್ದು, ಅದರಲ್ಲಿ ಇನ್ನೂ ಇಲ್ಲ. ಪೋಸ್ಟ್‌ಗ್ರೆಸ್ ಕಟ್ಟುವ ಕೆಲಸಕ್ಕೆ ಯಾರು ಬೇಕಾದರೂ ಸೇರಬಹುದು. ಸಿ ಭಾಷೆ ಬಲ್ಲ ಕನ್ನಡದ ಹುಡುಗ ಹುಡುಗಿಯರು ಯಾರಾದರೂ ಇದನ್ನು ಕೈಗೆತ್ತಿಕೊಳ್ಳಲಿ.