ಮೆಣಸಿನ ಬಳ್ಳಿ: ಕಂಡವರು ಮತ್ತು ಕೇಳಿದವರು

ಪರದೇಶದ ಪ್ರವಾಸಿಗಳ ಬರಹಗಳನ್ನು ಇತಿಹಾಸದ ಆಧಾರಗಳೆಂದು ಬಳಸುವಾಗ ನಾವು ಸಾಮಾನ್ಯವಾಗಿ ಅರಸರ ಹೆಸರು, ಸೈನ್ಯದ ಸಂಖ್ಯೆ, ರಾಜಧಾನಿಯ ವಿಸ್ತಾರ, ಇವುಗಳನ್ನೇ ಆರಿಸಿಕೊಳ್ಳುವೆವು. ಊಟ, ಹಣ್ಣು, ಸಂಬಾರ ಪದಾರ್ಥಗಳನ್ನು ಕುರಿತ ಪುಟಗಳನ್ನು ವಿನೋದಕ್ಕಾಗಿ ಓದಿ ಮುಂದೆ ಹೋಗುವುದು ವಾಡಿಕೆ. ಆದರೆ ಪ್ರವಾಸಿಯೊಬ್ಬನ ಮಾತು ಎಷ್ಟರಮಟ್ಟಿಗೆ ನಂಬಲರ್ಹವೆಂಬುದನ್ನು ಪರೀಕ್ಷಿಸಲು ಈ ಪುಟಗಳಷ್ಟು ಅನುಕೂಲವಾದ ಸ್ಥಳ ಬೇರೊಂದಿಲ್ಲ. ಅಂದಿನ ಸೈನ್ಯವನ್ನು ಇಂದು ಎಣಿಸಿ ನೋಡಲಾಗದು. ಮೆಣಸಿನ ಬಳ್ಳಿಯಾದರೋ ಇಂದಿಗೂ ನಮ್ಮ ತೋಟಗಳಲ್ಲಿದೆ.

ಯೂರೋಪಿನವರು ಮೆಣಸನ್ನು ರೋಮನರ ಕಾಲದಿಂದಲೂ ತಿನ್ನುತ್ತಿದ್ದರು. ಅದು ಬೆಳೆಯುವ ಬಗೆಯನ್ನು ಮಾತ್ರ ಅರಿತಿರಲಿಲ್ಲ. 7ನೆಯ ಶತಮಾನದ ಆದಿಭಾಗದಲ್ಲಿ ಸ್ಪೇನಿನ ಬಿಷಪ್ ಇಸಿಡೋರನು ತನ್ನ ಕೋಶಗ್ರಂಥದಲ್ಲಿ ಒಂದು ಕಥೆಯನ್ನು ಬರೆದಿಟ್ಟನು. ಮೆಣಸಿನ ಕಾಡುಗಳನ್ನು ಸರ್ಪಗಳು ಕಾಯುತ್ತವೆ. ಕಾಯಿ ಬಲಿತಾಗ ಅಲ್ಲಿಯ ಜನರು ಬೆಂಕಿ ಹಚ್ಚಿ ಸರ್ಪಗಳನ್ನು ಓಡಿಸುತ್ತಾರೆ. ಸ್ವಭಾವತಃ ಬಿಳಿಯದಾದ ಮೆಣಸು ಆ ಬೆಂಕಿಯಿಂದ ಕಪ್ಪಾಗುತ್ತದೆ. ಇದನ್ನು ಕೇವಲ ಮೌಢ್ಯವೆನ್ನುವುದು ಸರಿಯಲ್ಲ. ಕಪ್ಪಾಗಿ ಸುಕ್ಕುಗಟ್ಟಿದ ಕಾಳನ್ನು ಮಾತ್ರ ಕಂಡವನಿಗೆ, ಅದು ಬೆಂಕಿಯನ್ನು ಕಂಡಿರಬೇಕೆಂದು ತೋರುವುದು ಸಹಜವೇ.

ಈ ಕಥೆ ಕುಸಿದುದು 14ನೆಯ ಶತಮಾನದಲ್ಲಿ, ಮಲಬಾರಿಗೆ ಬಂದು ಬಳ್ಳಿಯನ್ನು ಕಣ್ಣಾರೆ ಕಂಡವರಿಂದ. 1329ರಲ್ಲಿ ಕೊಲ್ಲಂ ಪಟ್ಟಣಕ್ಕೆ ಬಿಷಪ್ ಆಗಿ ನೇಮಕಗೊಂಡ ಜೋರ್ಡಾನಸ್ ಎಂಬ ಪಾದ್ರಿಯು, ಮೆಣಸಿನ ಗಿಡವು ಮರಗಳನ್ನು ಹಬ್ಬುವ ಬಳ್ಳಿಯೆಂದೂ ಅದಕ್ಕೆ ಬೆಂಕಿಯ ಸೋಂಕೇ ಇಲ್ಲವೆಂದೂ ಬರೆದನು. 1340ರ ದಶಕದಲ್ಲಿ ಅದೇ ಪಟ್ಟಣದಲ್ಲಿ ತಂಗಿದ್ದ ಪೋಪನ ರಾಯಭಾರಿ ಮರಿನ್ಯೋಲಿಯು, ಮೆಣಸು ಕಾಡಿನಲ್ಲಿ ಅಲ್ಲ, ತೋಟಗಳಲ್ಲಿ ಬೆಳೆಯುವುದೆಂದು ಸೇರಿಸಿದನು. ಇವರಿಬ್ಬರಿಗೂ ಸಂಬಂಧವಿಲ್ಲದ ಮೊರಾಕೊ ದೇಶದ ಇಬನ್ ಬತೂತನೂ ಅದನ್ನೇ ಹೇಳುವನು. ತನ್ನ ದೇಶದ ಜನ ಮೆಣಸನ್ನು ಹುರಿಯುತ್ತಾರೆಂದು ತಿಳಿದಿದ್ದಾರೆ, ಅದು ಸರಿಯಲ್ಲ, ಕಾಳು ಸುಕ್ಕಾಗುವುದು ಬಿಸಿಲಿನಿಂದ ಎಂಬುದು ಅವನ ವಿವರಣೆ. ಬಳ್ಳಿಯನ್ನು ತೆಂಗಿನ ಮರದ ಬುಡದಲ್ಲಿ ನೆಡುವುದನ್ನೂ, ಗೊಂಚಲನ್ನು ಕಿತ್ತು ಚಾಪೆಯ ಮೇಲೆ ಒಣಗಿಸುವುದನ್ನೂ, ಕಲ್ಲಿಕೋಟೆಯಲ್ಲಿ ಅದನ್ನು ಸಾಮಾನ್ಯ ಧಾನ್ಯದಂತೆ ಕೊಳಗದಲ್ಲಿ ಅಳೆಯುವುದನ್ನೂ ಅವನು ವರ್ಣಿಸಿರುವನು. ಪರಸ್ಪರ ಪರಿಚಯವಿಲ್ಲದ, ಮತಭೇದವುಳ್ಳ ಸಾಕ್ಷಿಗಳು ಹೀಗೆ ಒಂದೇ ಮಾತನ್ನಾಡುವುದು ಇತಿಹಾಸಕಾರನಿಗೆ ಅಪರೂಪವಾಗಿ ದೊರೆಯುವ ಭಾಗ್ಯ.

ಇಬನ್ ಬತೂತನು 1342ರಲ್ಲಿ ದೆಹಲಿಯ ಸುಲ್ತಾನನ ರಾಯಭಾರಿಯಾಗಿ ಚೀನಾಕ್ಕೆ ಹೊರಟು, ದಾರಿಯಲ್ಲಿ ನಮ್ಮ ಹೊನ್ನಾವರದಲ್ಲಿ ಇಳಿದನು. ಅಲ್ಲಿಯ ಸುಲ್ತಾನ ಜಮಾಲುದ್ದೀನನ ಮನೆಯ ಊಟವನ್ನು ಅವನು ಬಡಿಸಿದ ಕ್ರಮದಲ್ಲಿಯೇ ಹೇಳುವನು. ತಾಮ್ರದ ತಟ್ಟೆಗೆ ದೊಡ್ಡ ಸೌಟಿನಿಂದ ಅನ್ನ, ಅದರ ಮೇಲೆ ತುಪ್ಪ, ಪಕ್ಕಕ್ಕೆ ಉಪ್ಪಿನಲ್ಲಿಟ್ಟ ಮೆಣಸು, ಹಸಿ ಶುಂಠಿ, ನಿಂಬೆ, ಮಾವು, ಅನಂತರ ಕೋಳಿ, ಮೀನು, ಸೊಪ್ಪು, ಕೊನೆಗೆ ಮೊಸರು. ಮೊಸರು ಬಂದರೆ ಮುಂದೆ ಬಡಿಸಲು ಏನೂ ಉಳಿದಿಲ್ಲವೆಂದು ತಿಳಿಯಬೇಕೆನ್ನುವನು. ಈ ಮಾತನ್ನು ಆ ಪಂಕ್ತಿಯಲ್ಲಿ ಕುಳಿತು ಉಂಡವನಲ್ಲದೆ ಬೇರೆಯವನು ಬರೆಯಲಾರನು. ಮತ್ತೊಂದು ಸಲ ಅದೇ ಸುಲ್ತಾನನಲ್ಲಿ ಹನ್ನೊಂದು ತಿಂಗಳು ರೊಟ್ಟಿಯನ್ನೇ ಕಾಣದೆ ಇದ್ದುದನ್ನೂ, ಈ ಕಡೆಯ ನಾಡುಗಳಲ್ಲಿ ಮೂರು ವರ್ಷ ಬರಿಯ ಅನ್ನವನ್ನುಂಡು ಕೊನೆಕೊನೆಗೆ ನೀರಿನೊಡನೆಯೇ ಅದನ್ನು ನುಂಗಬೇಕಾಗಿ ಬಂದುದನ್ನೂ ಅವನು ಮುಚ್ಚಿಡುವುದಿಲ್ಲ.

ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಈ ಭಾಗವನ್ನು ಮೊದಲ ಸಲ ಪಾಠ ಹೇಳುವಾಗ, ಇಂಗ್ಲಿಷ್ ಅನುವಾದದ ಪದವನ್ನು ಹಿಡಿದು, ಉಪ್ಪಿನಲ್ಲಿಟ್ಟ ಮೆಣಸಿನಕಾಯಿ ಎಂದುಬಿಟ್ಟೆನು. ಮೆಣಸಿನಕಾಯಿ ಅಮೆರಿಕದ ಬೆಳೆ; ಪೋರ್ತುಗೀಸರ ಆಗಮನಕ್ಕೆ ಮುಂಚೆ ನಮ್ಮಲ್ಲಿ ಅದು ಇರಲಿಲ್ಲವೆಂಬುದನ್ನು ಅದೇ ತರಗತಿಗೆ ನಾನೇ ಹಿಂದೆ ಹೇಳಿದ್ದೆನು! ಉತ್ತರ ಕನ್ನಡದ ವಿದ್ಯಾರ್ಥಿಯೊಬ್ಬನು ಎದ್ದು, ತಮ್ಮ ಮನೆಯಲ್ಲಿ ಹಸಿಯ ಕಾಳುಮೆಣಸನ್ನು ಗೊಂಚಲು ಸಹಿತವಾಗಿ ಉಪ್ಪಿನಕಾಯಿ ಹಾಕುವರೆಂದು ತಿಳಿಸಿದನು. ಮತ್ತೆ ನೋಡಿದಾಗ ಬತೂತನೂ ‘ಗೊಂಚಲು’ ಎಂದೇ ಹೇಳಿರುವುದು ಕಂಡಿತು. ಪ್ರವಾಸಿ ತಪ್ಪಿರಲಿಲ್ಲ, ಓದಿದವನು ತಪ್ಪಿದ್ದನು.

ಹಾಗೆಂದು ಬತೂತನು ಎಲ್ಲೆಡೆಯೂ ನಿರ್ದುಷ್ಟನಲ್ಲ. ಹಲಸನ್ನು ವರ್ಣಿಸುವಾಗ ಅವನು, ಬುಡದಲ್ಲಿ ಬಿಡುವ ಹಣ್ಣಿಗೆ ‘ಬರ್ಕಿ’ ಎಂದೂ ಮೇಲೆ ಬಿಡುವುದಕ್ಕೆ ‘ಶಕಿ’ ಎಂದೂ ಹೆಸರೆಂದು ಬರೆಯುವನು. ಮಲಯಾಳದಲ್ಲಿ ‘ಚಕ್ಕ’ ಎಂದರೆ ಹಲಸು. ‘ವರಿಕ್ಕ’ ಎಂದರೆ ಗಟ್ಟಿ ತೊಳೆಯ ಜಾತಿ, ನಮ್ಮ ಬಕ್ಕೆ. ಜಾತಿಯ ಹೆಸರನ್ನು ಅವನು ಸ್ಥಾನದ ಹೆಸರೆಂದು ಗ್ರಹಿಸಿದಂತೆ ತೋರುತ್ತದೆ. ಹಣ್ಣಿನ ರೂಪ, ತೊಳೆ, ಬೀಜಗಳ ವಿಷಯದಲ್ಲಿ ಅವನು ತಪ್ಪುವುದಿಲ್ಲ. ತಪ್ಪುವುದು ಪರಭಾಷೆಯ ಮಾತನ್ನು ಕಿವಿಯಿಂದ ಹಿಡಿದಾಗ.

ದೀರ್ಘಕಾಲದ ವಾಸವೂ ಇದಕ್ಕೆ ಪರಿಹಾರವಲ್ಲ. 1534ರಲ್ಲಿ ಗೋವೆಗೆ ಬಂದ ಪೋರ್ತುಗೀಸ್ ವೈದ್ಯ ಗಾರ್ಸಿಯಾ ದ ಓರ್ತನು 1563ರಲ್ಲಿ ಅಲ್ಲಿಯೇ ಅಚ್ಚುಮಾಡಿಸಿದ ಗ್ರಂಥವು ಭಾರತದ ಔಷಧಿದ್ರವ್ಯಗಳ ಬಗೆಗೆ ಅಮೂಲ್ಯವಾದುದು. ಪ್ರಾಚೀನ ಗ್ರೀಕ್ ಆಚಾರ್ಯರನ್ನೇ ಪ್ರಶ್ನಿಸಿದ ಧೀರನು ಅವನು. ಆದರೂ ಬಿಳಿಯ ಮೆಣಸು ಮತ್ತು ಕರಿಯ ಮೆಣಸು ಬೇರೆ ಬೇರೆ ಗಿಡಗಳವೆಂದು ಅವನು ನಂಬಿದ್ದನು. ವಸ್ತುತಃ ಬಳ್ಳಿ ಒಂದೇ: ಬಲಿತ ಹಸಿರು ಕಾಯಿ ಬಿಸಿಲಲ್ಲಿ ಒಣಗಿದರೆ ಕರಿದು, ಹಣ್ಣಾದುದನ್ನು ನೆನೆಸಿ ಸಿಪ್ಪೆ ತೆಗೆದರೆ ಬಿಳಿದು. ಗೋವೆಯಲ್ಲಿದ್ದ ಓರ್ತನ ಬಳಿಗೆ ಮೆಣಸು ಹೆಚ್ಚಾಗಿ ಸರಕಾಗಿಯೇ ಬರುತ್ತಿದ್ದಿತೆಂಬುದು ಇದಕ್ಕೆ ಕಾರಣವಿರಬಹುದೆಂದು ನನ್ನ ಊಹೆ.

ಈಗ ಹೊನ್ನಾವರದ ಇನ್ನೊಂದು ಮಾತಿಗೆ ಬರೋಣ. ಆ ಪಟ್ಟಣದಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳನ್ನು ತಾನು ಕಂಡೆನೆಂದು ಬತೂತನು ಹೇಳುವನು. ಈ ವಾಕ್ಯವನ್ನು ಉದ್ಧರಿಸುವವರು ಬಹಳ. ಅದನ್ನು ಉತ್ಪ್ರೇಕ್ಷೆಯೆಂದು ತಳ್ಳುವವರೂ ಉಂಟು. ಮೊಸರನ್ನು ಕೊನೆಗೆ ಬಡಿಸಿದುದನ್ನು ಮರೆಯದವನು ಹೆಣ್ಣುಮಕ್ಕಳ ಶಾಲೆಯನ್ನು ಕಲ್ಪಿಸಿಕೊಂಡನೆಂದು ನಾನು ಒಪ್ಪಲಾರೆನು. ಸಂಖ್ಯೆಗಳ ಮಾತು ಬೇರೆ: ಊರಿನವರು ಹೇಳಿದುದನ್ನೋ ತಾನೇ ಎಣಿಸಿದುದನ್ನೋ ಅವನು ತಿಳಿಸಿಲ್ಲ, ಮತ್ತು ಗ್ರಂಥವನ್ನು ಅವನು ಬಾಯಲ್ಲಿ ಹೇಳಿ ಬರೆಯಿಸಿ ಮುಗಿಸಿದುದು 1355ರಲ್ಲಿ, ಹತ್ತು ವರ್ಷಗಳಿಗೂ ಹೆಚ್ಚು ಕಾಲ ಕಳೆದ ಮೇಲೆ.