ಕಡತವಿಲ್ಲದ ದಂಡನೆ: ಸಾಕ್ರೆಟೀಸ್ ಮತ್ತು ಹರಳಯ್ಯ-ಮಧುವರಸರ ಪ್ರಸಂಗ

ಚಪ್ಪಲಿ ಹೊಲಿಯುವ ಹರಳಯ್ಯ 'ಶರಣು' ಎಂದ. ಬಸವಣ್ಣ 'ಶರಣು ಶರಣಾರ್ಥಿ' ಎಂದರು. ಹೆಚ್ಚಾಗಿ ಬಂದ ಆ ಒಂದು ಶರಣಿನ ಋಣ ತೀರಿಸಲು ಹರಳಯ್ಯ, ಅವನ ಹೆಂಡತಿ ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮವನ್ನೇ ತೆಗೆದು ಚಮ್ಮಾವುಗೆ ಹೊಲಿದರು. ಬೆಂಗಳೂರಿನ ಹೂಡಿಯ ಆಸುಪಾಸಿನಲ್ಲಿ ಕಟ್ಟಡ ಕೆಲಸಕ್ಕೆ ಬಂದಿರುವ ಕಲಬುರಗಿ, ಬೀದರ್ ಕಡೆಯ ಹಿರಿಯರು ಈ ಕತೆಯನ್ನು ಇಂದಿಗೂ ಹೇಳುತ್ತಾರೆ. ಹರಳಯ್ಯನ ಮಗನಿಗೆ ಬ್ರಾಹ್ಮಣ ಮೂಲದ ಶರಣ ಮಧುವರಸನ ಮಗಳನ್ನು ಕೊಟ್ಟದ್ದು, ಅದಕ್ಕಾಗಿ ಹನ್ನೆರಡನೆಯ ಶತಮಾನದ ಕಲ್ಯಾಣದ ಅರಸ ಬಿಜ್ಜಳ ಇಬ್ಬರು ತಂದೆಯರನ್ನೂ ಆನೆಯ ಕಾಲಿಗೆ ಕಟ್ಟಿ ಎಳೆಸಿದ್ದು ಅದರ ಮುಂದಿನ ಭಾಗ.

ಈ ಸಾವುಗಳನ್ನು ಸಾಕ್ರೆಟೀಸನ ಸಾವಿನ ಪಕ್ಕದಲ್ಲಿಟ್ಟು ನೋಡುವ ಆಸೆ ಸಹಜ. ಆದರೆ ಆಕರಗಳ ಸ್ಥಿತಿ ಎರಡು ಕಡೆ ಒಂದೇ ಅಲ್ಲ.

ಕ್ರಿ.ಪೂ. 399ರ ಅಥೆನ್ಸಿನಲ್ಲಿ ಆರೋಪ ಹೊರಿಸಿದವರು ಮೆಲೆಟಸ್, ಅನೈಟಸ್, ಲೈಕಾನ್. ನಗರದ ದೇವರುಗಳನ್ನು ಒಪ್ಪದೆ ಹೊಸ ದೈವಗಳನ್ನು ತಂದ, ಯುವಕರನ್ನು ಕೆಡಿಸಿದ ಎಂಬುದು ಆರೋಪ. ಮೂವತ್ತು ಮತ ಆಚೀಚೆಯಾಗಿದ್ದರೆ ಆತ ಬಿಡುಗಡೆಯಾಗುತ್ತಿದ್ದ ಎಂದು ಪ್ಲೇಟೊ ಬರೆದಿದ್ದಾನೆ. ಐನೂರು ವರ್ಷ ಕಳೆದ ಮೇಲೂ ಆರೋಪಪತ್ರ ನಗರದ ದಫ್ತರಖಾನೆಯಾದ ಮೆಟ್ರೂನಿನಲ್ಲಿತ್ತು ಎಂಬ ಹೇಳಿಕೆಯನ್ನು ಡಯೋಜಿನಿಸ್ ಲೇರ್ಷಿಯಸ್ ಉಳಿಸಿದ್ದಾನೆ. ಎಪ್ಪತ್ತರ ಆರೋಪಿಗೆ ಮಾತಾಡಲು ಸಮಯ ಸಿಕ್ಕಿತು, ಆ ಮಾತನ್ನು ಬರೆದಿಡಲು ಪ್ಲೇಟೊ, ಕ್ಸೆನೊಫನ್ ಇದ್ದರು.

ಕಲ್ಯಾಣದಲ್ಲಿ ಇದಾವುದೂ ಇಲ್ಲ. ಪಾಲ್ಕುರಿಕಿ ಸೋಮನಾಥನ ತೆಲುಗು ಬಸವಪುರಾಣದಲ್ಲಿ ಬಿಜ್ಜಳ ಹರಳಯ್ಯ-ಮಧುವರಸರ ಕಣ್ಣು ಕೀಳಿಸಿದ ಸಂಗತಿ ಬರುತ್ತದೆ, ಮದುವೆಯ ಸುದ್ದಿಯಿಲ್ಲ. ಭೀಮಕವಿ 1369ರಲ್ಲಿ ಕನ್ನಡಕ್ಕೆ ತಂದದ್ದು ಆ ಪುರಾಣವನ್ನೇ. ಮದುವೆ, ಆನೆಗಳು ಪ್ರಧಾನವಾಗುವುದು ಆಮೇಲಿನ ಕಥನಗಳಲ್ಲಿ. ಗಿರೀಶ ಕಾರ್ನಾಡರ 'ತಲೆದಂಡ' ಬರುವ ಹೊತ್ತಿಗೆ ಮದುವೆಯೇ ಕಲ್ಯಾಣಕ್ರಾಂತಿಯ ತಿರುಳಾಗಿ ನಿಂತಿತ್ತು.

ಇದರಿಂದ ಮದುವೆ ನಡೆಯಲೇ ಇಲ್ಲ ಎಂದು ತೀರ್ಮಾನಿಸುವುದು ಅವಸರವಾದೀತು. ಪುರಾಣಕಾರ ಹೇಳಲು ಹಿಂಜರಿದದ್ದನ್ನು ಜನರ ನೆನಪು ಕಾಪಾಡಿಕೊಂಡಿರಬಹುದು. ಚಪ್ಪಲಿ ಹೊಲಿಯುವವನ ಮನೆಯ ನಂಟಸ್ತಿಕೆ ದಾಖಲೆಗೆ ಯೋಗ್ಯವೆನಿಸದ ಕಾಲವದು. ಆದರೂ ಇದನ್ನು 'ವಿಚಾರಣೆ' ಎಂದು ಕರೆಯುವುದು ಸಲ್ಲದು. ಆರೋಪಿಯ ಒಂದು ಮಾತೂ ಉಳಿಯದ ಇದು ದಂಡನೆ ಮಾತ್ರ. ಸಾಕ್ರೆಟೀಸನಿಗೆ ಗಡೀಪಾರನ್ನು ಕೇಳುವ ದಾರಿಯಿತ್ತು, ಆತ ಬೇಡವೆಂದ. ಹರಳಯ್ಯನ ಮುಂದೆ ಯಾವ ದಾರಿಯಿತ್ತೆಂದು ಯಾರೂ ಬರೆದಿಲ್ಲ.

ಲಿಖಿತ ಆಕರಗಳು ಮೌನವಾಗಿರುವಲ್ಲಿ ಬಾಯಿಮಾತಿನ ಪಾಠಭೇದಗಳೇ ಸಂಶೋಧಕನಿಗೆ ಗತಿ. ಬೀದರ್, ಕಲಬುರಗಿಯ ಹಳ್ಳಿಗಳಲ್ಲಿ ಮಾತ್ರವಲ್ಲ, ಹೂಡಿಯ ಶೆಡ್ಡುಗಳಲ್ಲೂ ಅವು ಸಿಗುತ್ತವೆ. ಹೇಳಿದವರ ಮೂಲ ಊರಿನ ಸಹಿತ ಅವನ್ನು ಈಗಲೇ ಬರೆದಿಡಬೇಕು.