ಗುಲ್‌ಮೊಹರ್: ನಾಣ್ಯವೋ, ನವಿಲೋ?

ವೈಶಾಖ ಬಂತೆಂದರೆ ಇಲ್ಲಿ ಪುಣೆಯ ರಸ್ತೆಗಳ ಇಕ್ಕೆಲಗಳಲ್ಲೂ ಗುಲ್‌ಮೊಹರ್ ಕೆಂಪೇರುತ್ತದೆ. ಕಳೆದ ಬೇಸಿಗೆಯಲ್ಲಿ ನಮ್ಮ ಮಗಳು ಆ ಹೆಸರಿನ ಅರ್ಥ ಕೇಳಿದಾಗ, "ಗುಲ್ ಎಂದರೆ ಪಾರಸಿಯಲ್ಲಿ ಹೂವು, ಮೊಹರು ಎಂದರೆ ಚಿನ್ನದ ನಾಣ್ಯ" ಎಂದು ಥಟ್ಟನೆ ಹೇಳಿಬಿಟ್ಟೆವು. ಬಿ.ಎಸ್‌ಸಿ. ಮಾಡಿದವರಿಗೆ ಇಂಥ ಧೈರ್ಯ ಸ್ವಲ್ಪ ಹೆಚ್ಚು. ಅವಳು ಅದನ್ನೇ ಶಾಲೆಯ ಪ್ರಬಂಧದಲ್ಲಿ ಬರೆದಳು. "ಹೂವು ಕೆಂಪಗಿದೆಯಲ್ಲ, ಚಿನ್ನ ಎಲ್ಲಿಂದ ಬಂತು?" ಎಂದು ಉಪಾಧ್ಯಾಯಿನಿಯವರು ಕೇಳಿದರಂತೆ. ಉತ್ತರ ಹುಡುಕುವ ಹೊಣೆ ನಮ್ಮ ಮೇಲೆ ಬಿತ್ತು.

ಕಛೇರಿಯ ಮರಾಠಿ ಮಿತ್ರರಿಗೆ ಸಂಶಯವೇ ಇರಲಿಲ್ಲ. ಅವರ ಭಾಷೆಯಲ್ಲಿ ಮೋಹೋರ್ ಎಂದರೆ ಮಾವಿನ ಹೂಗೊಂಚಲು. ಹಾಗಾದರೆ ಗುಲ್‌ಮೋಹೋರ್ ಎಂದರೆ 'ಹೂವಿನ ಹೂವು' ಎಂದಾಗಲಿಲ್ಲವೇ? ನಮಗೆ ಒಪ್ಪಿಗೆಯಾಗಲಿಲ್ಲ.

ಯೂಲ್ ಮತ್ತು ಬರ್ನೆಲ್ ಎಂಬಿಬ್ಬರು 1886ರಲ್ಲಿ ಪ್ರಕಟಿಸಿದ 'ಹಾಬ್ಸನ್-ಜಾಬ್ಸನ್' ಕೋಶದಲ್ಲಿ ಗಂಟು ಬಿಚ್ಚಿತು. ಆಂಗ್ಲರ 'ಗೋಲ್ಡ್ ಮೊಹರ್' ಎಂಬುದು 'ಗುಲ್‌ಮೋರ್' ಎಂಬ ಮಾತಿನ ಅಪಭ್ರಂಶ. ಅದರ ಅರ್ಥ ನವಿಲು ಹೂವು ಎಂದು ಹೇಳುತ್ತಾರೆ, ಆದರೆ ಆ ಶಬ್ದ ನಿಘಂಟುಗಳಲ್ಲಿ ಸಿಗುವುದಿಲ್ಲ ಎಂದು ಆ ಪಂಡಿತರ ಟಿಪ್ಪಣಿ. ಅದಕ್ಕಿಂತ ಸ್ವಾರಸ್ಯದ ಸಂಗತಿ, ಅವರು ಈ ಹೆಸರು ಕೊಟ್ಟಿರುವುದು ನಮ್ಮ ರಸ್ತೆಯ ಮರಕ್ಕಲ್ಲ. ಅಂಗಳದಲ್ಲಿ ಬೆಳೆಯುವ ರತ್ನಗಂಧಿಯ ಗಿಡಕ್ಕೆ! ಮರಾಠಿಗರು ಶಂಕಾಸುರ ಎನ್ನುವ ಗಿಡವೇ ಅದು. ಕೆಂಪು ಎಸಳಿಗೆ ಹಳದಿ ಅಂಚು, ನವಿಲಿನ ಜುಟ್ಟಿನಂತೆ ಹೊರಚಾಚಿದ ಉದ್ದನೆಯ ಕೇಸರಗಳು. ತಮಿಳರು ಇದನ್ನು ಮಯಿಲ್‌ಕೊನ್ರೈ, ಅಂದರೆ 'ನವಿಲು ಕಕ್ಕೆ' ಎನ್ನುತ್ತಾರೆ. ಆದ್ದರಿಂದ ನಮ್ಮ ಮತ ನವಿಲಿನ ಕಡೆಗೇ. 'ಮೋರ್' ಎಂಬುದು ಆಂಗ್ಲರ ಕಿವಿಗೆ ಮೊಹರಾಗಿ ಕೇಳಿಸಿರಬೇಕು. ಖಜಾನೆಯ ಕಡೆಗೇ ಕಿವಿಯಿದ್ದವರಲ್ಲವೇ!

ಹೆಸರು ಗಿಡದಿಂದ ಮರಕ್ಕೆ ಹತ್ತಿದ್ದು ಜನರ ಬಾಯಲ್ಲಿ ಮಾತ್ರವಲ್ಲ. 17ನೆಯ ಶತಮಾನದಲ್ಲಿ ವೆಸ್ಟ್ ಇಂಡೀಸಿನ ಫ್ರೆಂಚ್ ದ್ವೀಪಗಳ ಗವರ್ನರಾಗಿದ್ದ ಪ್ವಾಂಸಿಯ ನೆನಪಿಗೆ ರತ್ನಗಂಧಿಗೆ 'ಪಾಯಿನ್ಸಿಯಾನ' ಎಂಬ ಹೆಸರು ಬಂದಿತ್ತು. 1753ರಲ್ಲಿ ಲಿನೇಯಸ್ ಅದನ್ನೇ ಬಳಸಿದ. ಮಡಗಾಸ್ಕರದಲ್ಲಿ ಬೋಯರ್ ಕಂಡ ನಮ್ಮ ಮರವನ್ನು 1829ರಲ್ಲಿ ಹೂಕರ್ ವರ್ಣಿಸಿದಾಗ ಅದಕ್ಕೂ 'ಪಾಯಿನ್ಸಿಯಾನ ರೀಜಿಯಾ' ಎಂದೇ ನಾಮಕರಣವಾಯಿತು. ಆಮೇಲೆ ಸಸ್ಯಶಾಸ್ತ್ರಜ್ಞರು ಗಿಡವನ್ನು ಸೀಸಾಲ್ಪಿನಿಯಾಕ್ಕೂ ಮರವನ್ನು ಡೆಲೋನಿಕ್ಸ್‌ಗೂ ಸೇರಿಸಿದರು. ಡೆಲೋನಿಕ್ಸ್ ಎಂದರೆ ಗ್ರೀಕಿನಲ್ಲಿ 'ಎದ್ದು ಕಾಣುವ ಉಗುರು'. ಎಸಳಿನ ಬುಡದ ಉದ್ದನೆಯ ತೊಟ್ಟು ನೋಡಿದರೆ ಗೊತ್ತಾಗುತ್ತದೆ. ಗಿಡ, ಮರ ಎರಡೂ ಹುಣಸೆ, ಅವರೆಗಳ ಬಳಗದವೇ. ಅದಕ್ಕೆ ಕಾಯಿಗಳೇ ಸಾಕ್ಷಿ.

ಕನ್ನಡದ ಹೆಸರುಗಳನ್ನು ನೋಡಿ. ಮೊಳದುದ್ದದ ಕಾಯಿ ಕಂಡವರು ಕತ್ತಿಕಾಯಿ ಮರ ಎಂದರು. ಹೂವು ಕಂಡವರು ಕೆಂಪು ತುರಾಯಿ ಎಂದರು. ಇನ್ನೊಂದು ಹೆಸರು ದೊಡ್ಡ ರತ್ನಗಂಧಿ. ಗಿಡಕ್ಕೂ ಮರಕ್ಕೂ ಇರುವ ನಂಟನ್ನು ಹಿಡಿಯಲು ನಮ್ಮವರಿಗೆ ಯಾವ ಕೋಶವೂ ಬೇಕಾಗಲಿಲ್ಲ.

ಪ್ರಬಂಧದ ಆ ಸಾಲನ್ನು ಮಗಳು ತಿದ್ದಿದಳು. ನವಿಲಿನ ಚಿತ್ರವನ್ನೂ ಬರೆದಳು, ಮರದ ಕೆಳಗೆ.